ಹಳೆಯ ಹಾಡು, ಹೊಸ ಹಾಡು ಮತ್ತು 1990ರ ಗಡಿ

ಪ್ರಶ್ನೆ: ನನಗೆ 62 ವರ್ಷ. ತುಮಕೂರಿನ ಒಂದು ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಕನ್ನಡ ಚಿತ್ರಗೀತೆ ಸ್ಪರ್ಧೆ ನಡೆಸುತ್ತೇವೆ. ಮೊದಲಿನಿಂದಲೂ ಒಂದು ನಿಯಮ ಇಟ್ಟುಕೊಂಡಿದ್ದೇವೆ: 1990ರ ಒಳಗಿನ ಹಾಡುಗಳನ್ನು ಮಾತ್ರ ಹಾಡಬೇಕು. ಈ ನಿಯಮ ತೆಗೆಯದಿದ್ದರೆ ಹೆಸರು ಕೊಡುವುದಿಲ್ಲ ಎಂದು ಈ ಸಲ ಹುಡುಗರು ಪಟ್ಟು ಹಿಡಿದಿದ್ದಾರೆ. ಅವರ ಮುಂದಾಳು ನನ್ನ ಮೊಮ್ಮಗಳೇ. ಹದಿನಾಲ್ಕು ವರ್ಷದವಳು, ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ‘ಕಾಂತಾರ’ ಚಿತ್ರದ ‘ಸಿಂಗಾರ ಸಿರಿಯೆ’ ಹಾಡುತ್ತೇನೆ ಎನ್ನುತ್ತಾಳೆ. ಜಾನಕಿಯಮ್ಮನವರ ‘ವಿರಹ ನೂರು ನೂರು ತರಹ’ ಹಾಡಿದರೆ ಕಲಿತದ್ದು ಸಾರ್ಥಕವಾಗುತ್ತದೆ ಎಂದೆ; ನನ್ನೊಡನೆ ಮಾತು ಬಿಟ್ಟಳು. 1987ರಲ್ಲಿ, ನನ್ನ 24ನೆಯ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿ ಮೊದಲ ಸಂಬಳದಲ್ಲಿ ಕೊಂಡದ್ದೇ ಟೇಪ್ ರೆಕಾರ್ಡರ್. ಅಂದಿನಿಂದ ಕೇಳುತ್ತಲೇ ಬಂದಿದ್ದೇನೆ. ಈಗಿನ ಹಾಡುಗಳಲ್ಲಿ ರಾಗವಿಲ್ಲ, ಸಾಹಿತ್ಯವಿಲ್ಲ, ಹಾಡುವವರು ಕನ್ನಡದವರಲ್ಲ, ಆಟೋಟ್ಯೂನ್ ಇಲ್ಲದಿದ್ದರೆ ಅವರಿಗೆ ಹಾಡಲೂ ಬರುವುದಿಲ್ಲ ಎಂಬುದು ನನ್ನ ನಂಬಿಕೆ. ನಾನು ಹಟ ಮಾಡುತ್ತಿದ್ದೇನೆಯೇ, ಹಾಡುಗಳೇ ನಿಜವಾಗಿ ಕೆಟ್ಟಿವೆಯೇ? ನಿಯಮವನ್ನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಈಗಿನ ಚಿತ್ರಗೀತೆ ಹಿಂದಿನದರ ಮಟ್ಟಕ್ಕೆ ಬರುತ್ತದೆಯೇ ಎನ್ನುವುದು ಒಂದು. ನವೆಂಬರ್ ಒಂದರಂದು ಬಡಾವಣೆಯ ವೇದಿಕೆಯಲ್ಲಿ ಏನು ಹಾಡಿಸಬೇಕು ಎನ್ನುವುದು ಇನ್ನೊಂದು. ಮೊದಲನೆಯದು ಇತ್ಯರ್ಥವಾಗುವ ತನಕ ಎರಡನೆಯದನ್ನು ತಡೆಹಿಡಿಯಬೇಕಾಗಿಲ್ಲ. ಧ್ವನಿಮುದ್ರಣ ನನ್ನ ಕಸುಬು. ಟೇಪಿನ ಕಾಲದಲ್ಲಿ ಶುರು ಮಾಡಿದವನು ಈಗ ಕಂಪ್ಯೂಟರಿನ ಮುಂದೆ ಕುಳಿತಿದ್ದೇನೆ. ನಿಮ್ಮಂಥ ಸಂಘಗಳು ಕರೆದಾಗ ತೀರ್ಪುಗಾರನಾಗಿಯೂ ಹೋಗುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಾಡುವವರ ಸಾಮರ್ಥ್ಯ ಕುಗ್ಗಿಲ್ಲ. ಸದ್ದಿನ ಗುಣಮಟ್ಟ ಬಹಳ ಏರಿದೆ. ಸೊರಗಿರುವುದು ಮಟ್ಟು, ಅಂದರೆ ಹಾಡಿನ ಧಾಟಿ; ಅದರಲ್ಲೂ ಪಲ್ಲವಿಯ ನಂತರ ಬರುವ ಚರಣದ ಮಟ್ಟು. ಹಾಗಾಗಿ ನಿಮ್ಮ ಅಸಮಾಧಾನಕ್ಕೆ ಕಾರಣವಿದೆ. ಆದರೆ ನೀವು ಕೊಟ್ಟಿರುವ ನಾಲ್ಕು ಕಾರಣಗಳಲ್ಲಿ ಒಂದೂ ಪೂರ್ತಿಯಾಗಿ ನಿಲ್ಲುವುದಿಲ್ಲ.

ಮೊದಲು ನಿಮ್ಮ ಗಡಿಯನ್ನೇ ನೋಡೋಣ. ರಾಗ ಉಳಿಯಬೇಕೆಂದು 1990ಕ್ಕೆ ಬೇಲಿ ಹಾಕಿದ್ದೀರಿ. ತೋಡಿ ರಾಗದ ‘ನಾದಮಯ ಈ ಲೋಕವೆಲ್ಲಾ’ ಹಾಡಿಗೆ ಡಾ. ರಾಜ್‌ಕುಮಾರ್ ಅವರಿಗೆ ಹಿನ್ನೆಲೆ ಗಾಯನದ ರಾಷ್ಟ್ರ ಪ್ರಶಸ್ತಿ ಬಂತಲ್ಲ, ಆ ‘ಜೀವನ ಚೈತ್ರ’ 1992ರ ಚಿತ್ರ. ನಿಮ್ಮ ವೇದಿಕೆಯಲ್ಲಿ ಅದನ್ನು ಹಾಡುವಂತಿಲ್ಲ. ಹಿಂದೂಸ್ತಾನಿ ಸಂಗೀತವನ್ನೇ ಉಸಿರಾಡಿದ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ಯೂ ಹೊರಗೆ, ಅದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಹಂಸಲೇಖ ಅವರಿಗೂ ರಾಷ್ಟ್ರ ಪ್ರಶಸ್ತಿ ತಂದ ಚಿತ್ರ. ಇತ್ತ 1987ರ ‘ಪ್ರೇಮಲೋಕ’ ಸಲೀಸಾಗಿ ಒಳಗೆ ಬರುತ್ತದೆ. ಆ ಕ್ಯಾಸೆಟ್ ಹಳ್ಳಿಹಳ್ಳಿಯ ಟೇಪ್ ರೆಕಾರ್ಡರಿನಲ್ಲಿ ಮೊಳಗುತ್ತಿದ್ದಾಗ ನಮ್ಮ ಮನೆಯ ಹಿರಿಯರು ಆಡುತ್ತಿದ್ದ ಮಾತು ನನಗೆ ಚೆನ್ನಾಗಿ ನೆನಪಿದೆ: ಇದೇನು ಹಾಡೋ, ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಮಾತಾಡಿಕೊಳ್ಳುವುದನ್ನೇ ಬರೆದಿದ್ದಾರಲ್ಲ. ಇಂದು ನೀವು ಮೊಮ್ಮಗಳಿಗೆ ಹೇಳುತ್ತಿರುವುದೂ ಹೆಚ್ಚುಕಡಿಮೆ ಅದೇ.

ಇನ್ನೊಂದು ಎಡವಟ್ಟೂ ಇದೆ. 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಚೈತ್ರಾ ಆಚಾರ್ ಹಾಡಿದ ‘ಸೋಜುಗಾದ ಸೂಜುಮಲ್ಲಿಗೆ’ ಮಾದಪ್ಪನ ಒಕ್ಕಲುಗಳ ಬಾಯಲ್ಲಿ ಉಳಿದು ಬಂದ ಜನಪದ ಹಾಡು. ಮೈಕು, ಕ್ಯಾಮೆರಾ ಎರಡೂ ಹುಟ್ಟದ ಕಾಲದ ಸಂಪ್ರದಾಯ ಅದು. ನಿಮ್ಮ ನಿಯಮದ ಪ್ರಕಾರ ಅದು ಹೊಸ ಹಾಡು, ನಿಷಿದ್ಧ.

ಈಗ ಸ್ವಲ್ಪ ಮುಜುಗರದ ವಿಷಯ. ಅಮೆರಿಕದ ಮಾರುಕಟ್ಟೆ ಸಂಶೋಧಕರಾದ ಹೋಲ್‌ಬ್ರೂಕ್ ಮತ್ತು ಷಿಂಡ್ಲರ್ 1989ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ದಶಕದ ಜನಪ್ರಿಯ ಹಾಡುಗಳನ್ನು ಕೇಳಿಸಿ ಅಂಕ ಕೊಡಿಸಿದಾಗ, ತಮಗೆ ಸುಮಾರು 23–24 ವರ್ಷವಾಗಿದ್ದಾಗ ಬಂದ ಹಾಡುಗಳನ್ನೇ ಜನ ಹೆಚ್ಚು ಮೆಚ್ಚಿದ್ದು ಕಂಡುಬಂತು. ನಿಮ್ಮ ಮೊದಲ ಸಂಬಳದ ವರ್ಷ ಯಾವುದು, ಆಗ ನಿಮ್ಮ ವಯಸ್ಸೆಷ್ಟು ಎಂಬುದನ್ನು ನೀವೇ ಬರೆದಿದ್ದೀರಿ. ಗಡಿ ಎಲ್ಲಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಾಗಿಲ್ಲ. ಇದು ಅಮೆರಿಕದ ಕೇಳುಗರ ಲೆಕ್ಕ, ನಮ್ಮಲ್ಲಿ ವಯಸ್ಸು ಒಂದೆರಡು ವರ್ಷ ಅತ್ತಿತ್ತ ಆದೀತು. ಆದರೆ ಯಾವ ತೀರ್ಪುಗಾರರ ಮೇಜಿನಲ್ಲಿ ಕುಳಿತರೂ ನನಗೆ ಇದೇ ಕಾಣುತ್ತದೆ: ಐವತ್ತು ದಾಟಿದವರು ಇಳಯರಾಜ–ಹಂಸಲೇಖ ಕಾಲಕ್ಕೆ, ಎಪ್ಪತ್ತು ದಾಟಿದವರು ಜಿ.ಕೆ. ವೆಂಕಟೇಶ್–ವಿಜಯಭಾಸ್ಕರ್ ಕಾಲಕ್ಕೆ ತಲೆದೂಗುತ್ತಾರೆ. ಇಬ್ಬರೂ ಸಂಗೀತ ತಮ್ಮ ಕಾಲದ ನಂತರ ಹಾಳಾಯಿತು ಎನ್ನುತ್ತಾರೆ. ಸಮಾಧಾನದ ಸಂಗತಿಯೆಂದರೆ, ಮಕ್ಕಳು ತಮ್ಮ ತಂದೆತಾಯಿ ಹರೆಯದಲ್ಲಿ ಕೇಳಿದ ಹಾಡುಗಳನ್ನೂ ಹಚ್ಚಿಕೊಳ್ಳುತ್ತಾರೆ ಎಂದು 2013ರ ಇನ್ನೊಂದು ಅಮೆರಿಕನ್ ಅಧ್ಯಯನ ತೋರಿಸಿತು. ನಿಮ್ಮ ಬಡಾವಣೆಯ ಹುಡುಗರ ಮೊಬೈಲಿನಲ್ಲಿ ಹುಡುಕಿ ನೋಡಿ, ಎಸ್‌ಪಿಬಿ ಖಂಡಿತ ಸಿಗುತ್ತಾರೆ.

ಹಳೆಯದೆಲ್ಲ ಚಿನ್ನ ಎನಿಸುವುದಕ್ಕೆ ನೆನಪಿನ ಹೊರಗೂ ಕಾರಣವಿದೆ. ನೀವು ಹೋಲಿಸುತ್ತಿರುವುದು ಐವತ್ತು ವರ್ಷ ಜರಡಿ ಹಿಡಿದು ಉಳಿದ ಅಕ್ಕಿಯನ್ನು, ಈ ಬೆಳಗ್ಗೆ ಕಣಕ್ಕೆ ಬಂದ ಭತ್ತದೊಡನೆ. ಆಕಾಶವಾಣಿ, ವಾದ್ಯಗೋಷ್ಠಿಗಳು, ಮದುವೆ ಮನೆಯ ಧ್ವನಿವರ್ಧಕ, ಈಚೆಗೆ ಟಿವಿಯ ಸ್ಪರ್ಧೆಗಳು ವರ್ಷಗಟ್ಟಲೆ ಆರಿಸಿ ಆರಿಸಿ ಒಂದಷ್ಟನ್ನು ನಮಗೆ ಉಳಿಸಿವೆ. ಆರಿಸದೆ ಬಿಟ್ಟವು ಎಷ್ಟೋ. ಹಳೆಯ ಟೇಪುಗಳನ್ನು ಡಿಜಿಟಲ್‌ಗೆ ಇಳಿಸುವ ಕೆಲಸ ಬಂದಾಗ ಅವನ್ನು ಕೇಳಿದ್ದೇನೆ: ಹಿಂದಿ ಹಾಡಿನ ಮಟ್ಟನ್ನು ಹಾಗೇ ಎತ್ತಿ ಕನ್ನಡ ಪದ ತುರುಕಿದವು, ಒಂದೇ ಕುಲುಕು ತಾಳದ ಕ್ಲಬ್ ಹಾಡುಗಳು, ಪ್ರಾಸಕ್ಕಾಗಿ ಅರ್ಥವನ್ನು ಬಲಿಕೊಟ್ಟವು. ಅವು ಕೆಟ್ಟವೆಂದು ಯಾರೂ ಬೈಯುವುದಿಲ್ಲ, ಏಕೆಂದರೆ ಯಾರಿಗೂ ನೆನಪಿಲ್ಲ.

ಇನ್ನು ನಿಮ್ಮ ಆರೋಪಪಟ್ಟಿ. ಸಾಹಿತ್ಯದ ಬಗ್ಗೆ ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ. 1967ರ ‘ಬೆಳ್ಳಿಮೋಡ’ ಬೇಂದ್ರೆಯವರ ‘ಮೂಡಲ ಮನೆಯ’ ಕವಿತೆಯನ್ನೇ ತೆರೆಯ ಮೇಲೆ ತಂದಿತು. ಅಂಥ ಧೈರ್ಯ ಈಗ ಅಪರೂಪ. ಆದರೆ ಮಟ್ಟು ಮೊದಲು, ಮಾತು ಆಮೇಲೆ ಎಂಬ ಪದ್ಧತಿಯೇ ಸಾಹಿತ್ಯವನ್ನು ಕೆಡಿಸಿತು ಎನ್ನುವವರಿಗೆ ಒಂದು ಮಾತು: ಆ ಪದ್ಧತಿ ಚಿ. ಉದಯಶಂಕರ್ ಅವರ ಕಾಲದಲ್ಲೂ ಇತ್ತು. ಮಟ್ಟು ಕೇಳಿ ಕುಳಿತ ಜಾಗದಲ್ಲೇ ಪಲ್ಲವಿ ಬರೆಯುವ ಅವರ ವೇಗಕ್ಕೇ ಹೆಸರಾಗಿದ್ದವರು ಅವರು. 2006ರ ‘ಮುಂಗಾರು ಮಳೆ’ಯಲ್ಲಿ ಜಯಂತ ಕಾಯ್ಕಿಣಿ ‘ಅನಿಸುತಿದೆ ಯಾಕೋ ಇಂದು’ ಬರೆದಾಗ ಆಡುಮಾತಿನ ಪದಗಳೇ ಕವಿತೆಯಾದವು. ಅದು ನಿಮ್ಮ ಗಡಿಯ ಹದಿನಾರು ವರ್ಷ ಆಚೆಗಿನದು. ಇಂಗ್ಲಿಷ್ ಪದ ಬೆರೆಸಿದ, ಕುಡಿತವನ್ನೂ ಹುಡುಗಿಯರನ್ನು ಬೈಯುವುದನ್ನೂ ಬಂಡವಾಳ ಮಾಡಿಕೊಂಡ ಹಾಡುಗಳ ಬಗ್ಗೆ ನಿಮಗೆಷ್ಟು ಸಿಟ್ಟಿದೆಯೋ ನನಗೂ ಅಷ್ಟೇ ಇದೆ. ಅವುಗಳ ಧ್ವನಿಮುದ್ರಣಕ್ಕೂ ನಾನು ಕುಳಿತಿದ್ದೇನೆ, ಸಂಬಳವನ್ನೂ ಪಡೆದಿದ್ದೇನೆ.

ಹಾಡುವವರು ಕನ್ನಡದವರಲ್ಲ ಎಂಬ ದೂರು ಮಾತ್ರ ನಿಮ್ಮ ಬಾಯಿಂದ ಬರಬಾರದಿತ್ತು. ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು. ಜಾನಕಿಯಮ್ಮ ಗುಂಟೂರು ಜಿಲ್ಲೆಯವರು, ಪಿ. ಸುಶೀಲಾ ವಿಜಯನಗರಂನವರು, ಎಸ್‌ಪಿಬಿ ನೆಲ್ಲೂರಿನ ಕಡೆಯವರು, ವಾಣಿ ಜಯರಾಂ ವೆಲ್ಲೂರಿನವರು. ನಿಮ್ಮ ಸುವರ್ಣಯುಗವನ್ನು ಕಟ್ಟಿದ ಕಂಠಗಳಲ್ಲಿ ಬಹುಪಾಲಿನ ಮಾತೃಭಾಷೆ ಕನ್ನಡವಲ್ಲ. ನಿಮ್ಮ ಮೊಮ್ಮಗಳು ಹಾಡಬೇಕೆಂದಿರುವ ‘ಸಿಂಗಾರ ಸಿರಿಯೆ’ಯನ್ನು ಹಾಡಿರುವ ವಿಜಯ ಪ್ರಕಾಶ್, ಅನನ್ಯಾ ಭಟ್ ಇಬ್ಬರೂ ಮೈಸೂರಿನವರು! ಉಚ್ಚಾರಣೆ ಕೆಟ್ಟಿರುವ ಹೊಸ ಹಾಡುಗಳು ಇಲ್ಲವೆಂದಲ್ಲ, ಬೇಕಾದಷ್ಟಿವೆ. ಅದಕ್ಕೆ ಕಾರಣ ಊರಲ್ಲ, ಸಮಯ. ಅಂದು ಮದ್ರಾಸಿನಲ್ಲಿ ಗೀತರಚನೆಕಾರರು ಗಾಯಕರ ಪಕ್ಕ ಕುಳಿತು ‘ಳ’ ಮತ್ತು ‘ಲ’, ಮಹಾಪ್ರಾಣ, ಒತ್ತಕ್ಷರಗಳನ್ನು ತಿದ್ದುತ್ತಿದ್ದರು. ಈಗ ಮುಂಬೈಯ ಗಾಯಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಸಾಹಿತ್ಯ ಹೋಗುತ್ತದೆ, ಹಾಡಿದ ಕಡತ ಮೇಲ್‌ನಲ್ಲಿ ಬರುತ್ತದೆ. ತಿದ್ದಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಆಟೋಟ್ಯೂನ್ ವಿಷಯದಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರಾವುದರ ಬಗ್ಗೆಯೂ ಇಲ್ಲ. ತೈಲ ಹುಡುಕಲು ಭೂಮಿಯೊಳಗಿನ ಕಂಪನಗಳನ್ನು ವಿಶ್ಲೇಷಿಸುವ ಕೆಲಸದಲ್ಲಿದ್ದ ಆ್ಯಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕದ ಎಂಜಿನಿಯರ್ ಅದೇ ಗಣಿತವನ್ನು ಕಂಠಕ್ಕೆ ಅನ್ವಯಿಸಿ 1997ರಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ಹಾಡಿದ ಸ್ವರ ತನ್ನ ಸ್ಥಾನಕ್ಕಿಂತ ತುಸು ಮೇಲೋ ಕೆಳಗೋ ಬಿದ್ದಿದ್ದರೆ ಅದನ್ನು ಹತ್ತಿರದ ಸರಿಯಾದ ಸ್ವರಕ್ಕೆ ಎಳೆಯುವುದು ಅದರ ಕೆಲಸ. ಎಷ್ಟು ಬೇಗ ಎಳೆಯಬೇಕೆಂದು ಒಂದು ಗುಂಡಿಯಿಂದ ಹೊಂದಿಸುತ್ತೇವೆ. ನಿಧಾನಕ್ಕಿಟ್ಟರೆ ಕೇಳುಗರಿಗೆ ಗೊತ್ತೇ ಆಗುವುದಿಲ್ಲ. ಪೂರ್ತಿ ವೇಗಕ್ಕಿಟ್ಟರೆ ಸ್ವರದಿಂದ ಸ್ವರಕ್ಕೆ ಜಾರುವ ದಾರಿಯೇ ಕತ್ತರಿಸಿಹೋಗಿ ಯಂತ್ರದ ದನಿ ಬರುತ್ತದೆ. ನಿಮಗೆ ಕಿರಿಕಿರಿಯಾಗುವುದು ಅದೇ, ಮತ್ತು ಅನೇಕ ಸಲ ಅದನ್ನು ಬೇಕೆಂದೇ ಮಾಡಿರುತ್ತೇವೆ.

ಅದರಿಂದ ಆಗದ್ದೂ ಬಹಳ ಇದೆ. ಕಂಠಕ್ಕೆ ಕಸುವು ಕೊಡಲಾರದು. ಎಲ್ಲಿ ಉಸಿರು ತೆಗೆಯಬೇಕೆಂಬ ವಿವೇಕ, ಪದದ ಅರ್ಥ ತಿಳಿದು ಒತ್ತುವ ಜಾಣ್ಮೆ ಅದರಿಂದ ಬರುವುದಿಲ್ಲ. ಬೇಸುರನನ್ನು ಗಾಯಕನನ್ನಾಗಿ ಮಾಡುತ್ತದೆ ಎನ್ನುವುದು ಅತಿಶಯೋಕ್ತಿ. ಹಾಡಲು ಬಲ್ಲವರ ಸಣ್ಣ ಪುಟ್ಟ ಜಾರುವಿಕೆಯನ್ನು ಮರೆಮಾಚಿ ಸ್ಟುಡಿಯೋದ ಬಾಡಿಗೆ ಉಳಿಸುತ್ತದೆ, ಅಷ್ಟೆ. ಅದರ ನಿಜವಾದ ಅಪಾಯ ನಮ್ಮ ಸಂಗೀತಕ್ಕೆ ಬೇರೆ ಕಡೆಯಿಂದ ಬರುತ್ತದೆ. ಪಿಯಾನೋದ ಹನ್ನೆರಡು ಮನೆಗಳನ್ನು, ಅಂದರೆ ಸ್ವರದ ಕೀಲಿಗಳನ್ನು, ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸಲಕರಣೆ ಅದು. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವುದಿಲ್ಲ, ತೂಗುತ್ತದೆ. ಆ ತೂಗಾಟವೇ ತೋಡಿ. ಸಲಕರಣೆಗೆ ಅದು ತಪ್ಪಿನಂತೆ ಕಾಣುತ್ತದೆ, ಒಂದು ಮನೆಗೆ ಮೊಳೆ ಹೊಡೆದು ನಿಲ್ಲಿಸುತ್ತದೆ. ಅದನ್ನು ಕೇಳಿ ಗುರುತಿಸಬಲ್ಲ ಎಂಜಿನಿಯರ್ ಹೀಗೆ ಸ್ವರ ತೂಗುವ, ಅಂದರೆ ಗಮಕವಿರುವ ಕಡೆ ಆಟೋಟ್ಯೂನ್ ಬಂದ್ ಮಾಡಿ ಕೈಯಿಂದ ತಿದ್ದುತ್ತಾನೆ. ಅವಸರದವನು ಹಾಗೇ ಬಿಡುತ್ತಾನೆ. ಮೊಮ್ಮಗಳು ಮನೆಯಲ್ಲಿ ಮೊಬೈಲ್ ಆ್ಯಪ್ ಇಟ್ಟುಕೊಂಡು ಹಾಡುತ್ತಿದ್ದರೆ ಅದರಲ್ಲಿ ಸ್ವರ ತಿದ್ದುವ ಸೌಲಭ್ಯವನ್ನು ಮೊದಲು ಬಂದ್ ಮಾಡಿಸಿ. ತನ್ನ ತಪ್ಪು ಕೇಳಿಸದ ವಿದ್ಯಾರ್ಥಿ ಅದನ್ನು ತಿದ್ದಿಕೊಳ್ಳುವುದಾದರೂ ಹೇಗೆ?

ಹಾಗಾದರೆ ನಿಜವಾಗಿ ಬದಲಾಗಿದ್ದೇನು? ಎಪ್ಪತ್ತರ ದಶಕದವರೆಗೂ ಒಂದು ಹಾಡಿನ ಧ್ವನಿಮುದ್ರಣವೆಂದರೆ ಬಹುಪಾಲು ಹೀಗಿತ್ತು: ದೊಡ್ಡ ಸಭಾಂಗಣದಂಥ ಕೋಣೆಯಲ್ಲಿ ಪಿಟೀಲುಗಳ ಸಾಲು, ಕೊಳಲು, ಸಿತಾರ್, ತಬಲಾ, ಡೋಲಕ್, ಪಕ್ಕದ ಗಾಜಿನ ಗೂಡಿನಲ್ಲಿ ಗಾಯಕರು. ಎಲ್ಲರೂ ಒಟ್ಟಿಗೆ ನುಡಿಸಬೇಕು, ಒಟ್ಟಿಗೆ ಹಾಡಬೇಕು. ಎರಡನೆಯ ಚರಣದಲ್ಲಿ ಒಬ್ಬ ಪಿಟೀಲಿನವರ ಕಮಾನು ತಪ್ಪಿದರೆ ಹಾಡು ಪುನಃ ಮೊದಲಿನಿಂದ. ಅಷ್ಟು ಜನರ ಸಂಬಳ, ಸ್ಟುಡಿಯೋ ಬಾಡಿಗೆ, ಫಿಲ್ಮ್ ಖರ್ಚು ಎಲ್ಲ ಮೈಮೇಲೆ ಇರುವಾಗ ಯಾರೂ ಅರ್ಧಂಬರ್ಧ ಮಟ್ಟನ್ನು ಒಳಗೆ ತರುತ್ತಿರಲಿಲ್ಲ. ಸಂಗೀತ ನಿರ್ದೇಶಕರು, ನಿರ್ದೇಶಕರು, ಕವಿ ಮೂವರೂ ಹಾರ್ಮೋನಿಯಂ ಮುಂದೆ ಕುಳಿತು ಚರಣದ ಕೊನೆಯ ಸಾಲು ಪಲ್ಲವಿಗೆ ಹೇಗೆ ಮರಳಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿರುತ್ತಿದ್ದರು. ಹಾಡಿನ ಮಟ್ಟಿಗೆ ಆಗ ಹಾರ್ಮೋನಿಯಂ ಬಿಟ್ಟರೆ ಬೇರೆ ಆಸರೆ ಇರಲಿಲ್ಲ. ಹಾಗಾಗಿ ಹಾಡು ತನ್ನ ಕಾಲ ಮೇಲೆ ನಿಲ್ಲಲೇಬೇಕಿತ್ತು.

ಈಗ ಆಸರೆಗಳೇ ಮೊದಲು ಬರುತ್ತವೆ. ಕಂಪ್ಯೂಟರಿನಲ್ಲಿ ತಾಳದ ತುಣುಕೊಂದನ್ನು ಸುತ್ತಿಸಿ, ಬೇಸ್ ಸೇರಿಸಿ, ಅದರ ಮೇಲೆ ಮಟ್ಟು ಹುಡುಕುತ್ತಾರೆ. ಸದ್ದು ಆಗಲೇ ತುಂಬಿಕೊಂಡಿರುವುದರಿಂದ ಮಟ್ಟಿನ ಕೊರತೆ ಕಿವಿಗೆ ತಟ್ಟುವುದಿಲ್ಲ. ಗಾಯಕರು ಒಂದೊಂದೇ ಸಾಲನ್ನು ಹತ್ತಾರು ಬಗೆಯಲ್ಲಿ ಹಾಡಿ ಹೋಗುತ್ತಾರೆ. ಚೆನ್ನಾಗಿರುವ ತುಣುಕುಗಳನ್ನು ನಾವು ಹೊಲಿಯುತ್ತೇವೆ. ಪಲ್ಲವಿ ಸಿಕ್ಕಿತೆಂದರೆ ಕೆಲಸ ಮುಗಿದಂತೆ, ಚರಣವನ್ನು ಅದರ ನೆರಳಿನಲ್ಲೇ ಎಳೆದುಬಿಡುತ್ತಾರೆ.

ಹಾಡಿಗೆ ಚಿತ್ರದಲ್ಲಿದ್ದ ಜಾಗವೂ ಬದಲಾಗಿದೆ. ಅಂದು ನಾಯಕ ಕ್ಯಾಮೆರಾದ ಎದುರು ನಿಂತು ಪೂರ್ತಿ ಹಾಡಿಗೆ ತುಟಿ ಆಡಿಸಬೇಕಿತ್ತು, ಪ್ರೇಕ್ಷಕ ಸಾಲುಸಾಲನ್ನೂ ಕೇಳಿಸಿಕೊಳ್ಳುತ್ತಿದ್ದ. ಈಗ ಬಹುಪಾಲು ಹಾಡುಗಳು ದೃಶ್ಯಗಳ ಹಿಂದೆ ಹರಿಯುತ್ತವೆ. ನಾಯಕ ಬೈಕ್ ಓಡಿಸುತ್ತಿರುತ್ತಾನೆ, ಋತುಗಳು ಬದಲಾಗುತ್ತಿರುತ್ತವೆ, ನಡುವೆ ಮಾತೂ ಬಂದು ಹೋಗುತ್ತದೆ. ಅಲ್ಲಿ ಬೇಕಿರುವುದು ಒಂದು ವಾತಾವರಣ. ಚರಣದಲ್ಲಿ ಮಟ್ಟು ಏರಿ ಇಳಿದು ಗಮನ ಸೆಳೆದರೆ ನಿರ್ದೇಶಕರಿಗೇ ತೊಡಕು. ಮೇಲಿಂದ ಮೊಬೈಲ್ ಬಂತು. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಕೇಳುವಿಕೆ ಲೆಕ್ಕಕ್ಕೆ ಸಿಗುತ್ತದೆ. ಅಷ್ಟರೊಳಗೆ ಕೇಳುಗ ಮುಂದಿನದಕ್ಕೆ ಜಿಗಿಯಬಾರದು ಎಂದು ಆರಂಭದ ವಾದ್ಯಸಂಗೀತ ಮೊಟಕಾಯಿತು, ಆಕರ್ಷಕ ಸಾಲು ಮುಂದಕ್ಕೆ ಬಂತು. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಸುವುದಿಲ್ಲವೆಂದು ಹಿಂದಿನವರೂ ಹಾಡನ್ನು ಕತ್ತರಿಸಿದ್ದರು ಎಂಬುದನ್ನೂ ಮರೆಯಬಾರದು. ಯಂತ್ರದ ಅಳತೆಗೆ ಹಾಡು ಬಗ್ಗಿದ್ದು ಇದೇ ಮೊದಲಲ್ಲ.

ಸ್ಪೇನಿನ ಸಂಶೋಧಕರ ತಂಡವೊಂದು 1955ರಿಂದ 2010ರವರೆಗಿನ 4,64,411 ಪಾಶ್ಚಾತ್ಯ ಜನಪ್ರಿಯ ಧ್ವನಿಮುದ್ರಿಕೆಗಳ ದತ್ತಾಂಶವನ್ನು ಕಂಪ್ಯೂಟರಿನಿಂದ ಅಳೆದು 2012ರಲ್ಲಿ ಫಲಿತಾಂಶ ಪ್ರಕಟಿಸಿತು. ಸ್ವರದಿಂದ ಸ್ವರಕ್ಕೆ ಸಾಗುವ ದಾರಿಗಳ ವೈವಿಧ್ಯ ಕಡಿಮೆಯಾಗಿದೆ, ನಾದದ ಬಣ್ಣಗಳು ಒಂದೇ ತೆರನಾಗುತ್ತಿವೆ, ಸದ್ದಿನ ಮಟ್ಟ ಏರುತ್ತಲೇ ಇದೆ ಎಂಬುದು ಅದರ ಸಾರ. ನಮ್ಮ ಹಾಡುಗಳನ್ನು ಅವರು ಅಳೆದಿಲ್ಲ. ಆದರೆ ನಾವು ಬಳಸುವ ಸಾಫ್ಟ್‌ವೇರ್, ಅದರಲ್ಲಿ ಸಿದ್ಧವಾಗಿ ಸಿಗುವ ತಾಳದ ತುಣುಕುಗಳು ಅವರವೇ ಆಗಿರುವುದರಿಂದ ನನಗೆ ಈ ಫಲಿತಾಂಶ ಪರಕೀಯ ಅನಿಸುವುದಿಲ್ಲ.

ಒಂದು ಪರೀಕ್ಷೆಯನ್ನು ನೀವೇ ಮಾಡಿ. 1974ರ ‘ಎರಡು ಕನಸು’ ಚಿತ್ರದ ‘ಎಂದೆಂದೂ ನಿನ್ನನು ಮರೆತು’ ಹಾಡಿನ ಚರಣವನ್ನು ಹಾಡಲು ನಿಮ್ಮ ಓರಗೆಯವರಿಗೆ ಹೇಳಿ. ರಾಜನ್–ನಾಗೇಂದ್ರ ಕಟ್ಟಿದ ಆ ಏರಿಳಿತ ಪದ ಮರೆತವರಿಗೂ ನೆನಪಿರುತ್ತದೆ. ಅದೇ ರೀತಿ ಕಳೆದ ಐದಾರು ವರ್ಷದ ಯಾವುದಾದರೂ ಜನಪ್ರಿಯ ಹಾಡಿನ ಎರಡನೆಯ ಚರಣ ಹಾಡಲು ಹುಡುಗರಿಗೆ ಹೇಳಿ. ಬಹಳ ಮಂದಿ ಪಲ್ಲವಿಯಲ್ಲೇ ಸುತ್ತುತ್ತಾರೆ. ನಿಮ್ಮ ದೂರಿನಲ್ಲಿ ಹುರುಳಿರುವುದು ಇಲ್ಲಿ. ಆದರೆ ಈ ಪರೀಕ್ಷೆ ಪೂರ್ತಿ ನ್ಯಾಯವಾದುದೂ ಅಲ್ಲ. ಅಜನೀಶ್ ಲೋಕನಾಥ್, ಚರಣ್ ರಾಜ್ ಅವರಂಥ ಈಗಿನ ಸಂಗೀತ ನಿರ್ದೇಶಕರ ಕೆಲಸದ ಅರ್ಧ ಸತ್ವ ಇರುವುದು ನಾದದಲ್ಲಿ: ಯಾವ ಚರ್ಮವಾದ್ಯವನ್ನು ಎಷ್ಟು ದೂರದಲ್ಲಿ ಇಡಬೇಕು, ಕಂಠದ ಸುತ್ತ ಎಷ್ಟು ಖಾಲಿ ಬಿಡಬೇಕು, ಎಲ್ಲಿ ಎಲ್ಲವನ್ನೂ ನಿಲ್ಲಿಸಿಬಿಡಬೇಕು ಎನ್ನುವುದರಲ್ಲಿ. ಬಾಯಲ್ಲಿ ಗುನುಗಿದರೆ ಅದು ಸಿಗುವುದಿಲ್ಲ, ಒಳ್ಳೆಯ ಹೆಡ್‌ಫೋನ್ ಹಾಕಿದರೆ ಸಿಗುತ್ತದೆ. ಕರಾವಳಿಯ, ಚಾಮರಾಜನಗರದ, ಉತ್ತರ ಕರ್ನಾಟಕದ ಕಂಠಗಳು ತಮ್ಮ ಒರಟುತನದೊಂದಿಗೇ ಚಿತ್ರಗೀತೆಗೆ ಬಂದಿರುವುದೂ ಈಚೆಗೆ. ಹಿಂದೆ ಎಲ್ಲ ನಾಯಕಿಯರಿಗೂ ಇಬ್ಬರು ಮೂವರದೇ ಕಂಠ.

ಈಗ ನಿಯಮದ ಮಾತು. ಗಡಿಯನ್ನು ಹಾಗೇ ಉಳಿಸಿಕೊಳ್ಳಬಹುದು, ಸಂಘ ನಿಮ್ಮದು. ಆದರೆ ಹುಡುಗರು ಬರುವುದಿಲ್ಲ, ಬಂದವರು ಪ್ರತಿ ವರ್ಷ ಅದೇ ಹತ್ತು ಹದಿನೈದು ಹಾಡುಗಳನ್ನು ಜಾನಕಿ, ಎಸ್‌ಪಿಬಿಯ ಅನುಕರಣೆಯಾಗಿ ಹಾಡುತ್ತಾರೆ. ಇದರ ಫಲ ನಿಮಗೆ ಈಗಾಗಲೇ ಕಾಣುತ್ತಿರಬೇಕು. ಹಳತು, ಹೊಸತು ಎಂದು ಎರಡು ವಿಭಾಗ ಮಾಡುವವರಿದ್ದಾರೆ. ನೋಡಲು ನ್ಯಾಯ, ನಡೆಸಲು ಕಷ್ಟ: ಮೊದಲ ವಿಭಾಗ ಮುಗಿದ ಕೂಡಲೇ ಹಿರಿಯರು ಊಟಕ್ಕೆ ಏಳುತ್ತಾರೆ, ಹುಡುಗರು ಎರಡನೆಯದಕ್ಕೆ ಬರುತ್ತಾರೆ, ಒಬ್ಬರ ಹಾಡನ್ನು ಇನ್ನೊಬ್ಬರು ಕೇಳುವುದೇ ಇಲ್ಲ. ಪ್ರತಿಯೊಬ್ಬರೂ ಒಂದು ಹಳೆಯದು, ಒಂದು ಹೊಸದು ಹಾಡಲಿ ಎನ್ನುವುದು ಸ್ಪರ್ಧಿಗಳ ಸಂಖ್ಯೆ ಹದಿನೈದರ ಒಳಗಿದ್ದರೆ ಒಳ್ಳೆಯ ಉಪಾಯ, ಪಲ್ಲವಿ ಮತ್ತು ಒಂದು ಚರಣಕ್ಕೆ ಮಿತಿ ಹಾಕಿದರೆ. ಅದಕ್ಕಿಂತ ಹೆಚ್ಚಿದ್ದರೆ ರಾತ್ರಿ ಹನ್ನೆರಡಾಗುತ್ತದೆ, ಧ್ವನಿವರ್ಧಕದ ಅನುಮತಿ ಹತ್ತಕ್ಕೇ ಮುಗಿದಿರುತ್ತದೆ.

ನಾನು ಕೊಡುವ ಸಲಹೆ ಬೇರೆ. ವರ್ಷದ ನಿಯಮವನ್ನು ತೆಗೆದು ಟ್ರ್ಯಾಕಿನ, ಅಂದರೆ ಮೊದಲೇ ಮುದ್ರಿಸಿದ ಹಿನ್ನೆಲೆ ವಾದ್ಯಸಂಗೀತದ, ನಿಯಮ ತನ್ನಿ. ಮೊದಲ ಸುತ್ತಿನಲ್ಲಿ ಕರೋಕೆ ಇಲ್ಲ. ಶ್ರುತಿ ಪೆಟ್ಟಿಗೆ ಅಥವಾ ಹಾರ್ಮೋನಿಯಂ, ಬೇಕೆಂದವರಿಗೆ ತಬಲಾ. ಯಾವ ಕಾಲದ ಹಾಡಾದರೂ ಸರಿ, ಪಲ್ಲವಿ ಮತ್ತು ಒಂದು ಚರಣ. ಎರಡನೆಯ ಸುತ್ತಿಗೆ ಆಯ್ಕೆಯಾದವರು ಟ್ರ್ಯಾಕ್ ಹಾಕಿಕೊಂಡು ಪೂರ್ತಿ ಹಾಡಲಿ. ಮಟ್ಟು ಗಟ್ಟಿಯಿರುವ ಹೊಸ ಹಾಡು ಮೊದಲ ಸುತ್ತು ದಾಟುತ್ತದೆ, ಸದ್ದನ್ನೇ ನೆಚ್ಚಿದ್ದು ತಾನಾಗಿ ಉದುರುತ್ತದೆ. ಹುಡುಗರೇ ಅದನ್ನು ತಿಳಿದು ಬೇರೆ ಹಾಡು ಆರಿಸಿಕೊಳ್ಳುತ್ತಾರೆ, ನೀವು ಉಪದೇಶ ಮಾಡಬೇಕಾಗಿಲ್ಲ. ತೊಂದರೆಗಳೂ ಇವೆ. ತಾಳಪ್ರಧಾನವಾದ ಒಳ್ಳೆಯ ಹಾಡುಗಳಿಗೆ ಇದರಲ್ಲಿ ಅನ್ಯಾಯವಾಗುತ್ತದೆ. ಯಾರು ಯಾವ ಶ್ರುತಿ ಕೇಳಿದರೂ ಹಿಡಿಯಬಲ್ಲ ಹಾರ್ಮೋನಿಯಂ ವಾದಕರು ಬೇಕು. ಭಜನೆಗೆ ನುಡಿಸುವವರು ಬಹಳ ಮಂದಿ ಒಂದೇ ಮನೆಗೆ ಒಗ್ಗಿಕೊಂಡಿರುತ್ತಾರೆ. ಬರೀ ಟ್ರ್ಯಾಕಿನ ಜೊತೆ ಅಭ್ಯಾಸ ಮಾಡಿದ ಮಕ್ಕಳು ಮೊದಲ ವರ್ಷ ಗಾಬರಿಯಾಗುತ್ತಾರೆ, ಒಂದು ತಿಂಗಳ ಮುಂಚೆಯೇ ತಿಳಿಸಬೇಕು.

ಎರಡನೆಯ ಸುತ್ತಿನಲ್ಲಿ ಧ್ವನಿವರ್ಧಕದವರಿಗೆ ಒಂದು ಮಾತು ಹೇಳಿಡಿ. ಹೊಸ ಹಾಡುಗಳ ಟ್ರ್ಯಾಕುಗಳನ್ನು ಕಂಪ್ರೆಷನ್‌ನಿಂದ (ಮೆಲುದನಿಗೂ ಜೋರುದನಿಗೂ ಇರುವ ಅಂತರ ಕುಗ್ಗಿಸುವ ತಂತ್ರ) ಒತ್ತಿ ಒತ್ತಿ ಸದ್ದಿನ ತುತ್ತತುದಿಗೆ ಏರಿಸಿರುತ್ತೇವೆ. ಹಳೆಯ ಹಾಡಿನದು ಯಾರೋ ಕೀಬೋರ್ಡಿನಲ್ಲಿ ಪುನಃ ನುಡಿಸಿದ ಸಪ್ಪೆ ಟ್ರ್ಯಾಕ್ ಆಗಿರುತ್ತದೆ. ಸ್ಪಾಟಿಫೈ, ಯೂಟ್ಯೂಬ್‌ನಂಥ ಸೇವೆಗಳು ಜೋರಾದ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರನ್ನು ಅಳೆಯುವ ಮಾನ) ಮಟ್ಟಕ್ಕೆ ಇಳಿಸಿ ಸಮ ಮಾಡುತ್ತವೆ, ಪೆನ್‌ಡ್ರೈವ್‌ನಿಂದ ಹಾಕುವಾಗ ಆ ಕೆಲಸ ಮಾಡುವವರಿಲ್ಲ. ಸದ್ದಿನ ಗುಂಡಿಯನ್ನು ಎಲ್ಲಕ್ಕೂ ಒಂದೇ ಕಡೆ ಬಿಟ್ಟರೆ ಹೊಸ ಹಾಡು ಸಭೆಯನ್ನು ತುಂಬುತ್ತದೆ, ಹಳೆಯದು ಬಡಕಲಾಗಿ ಕೇಳುತ್ತದೆ. ತೀರ್ಪುಗಾರರಿಗೂ ಅರಿವಿಲ್ಲದೆ ಅಂಕ ಅತ್ತ ವಾಲುತ್ತದೆ. ಪ್ರತಿ ಟ್ರ್ಯಾಕನ್ನೂ ಮಧ್ಯಾಹ್ನವೇ ಹಾಕಿ ಕೇಳಿ ಮಟ್ಟ ಗುರುತು ಮಾಡಿಕೊಳ್ಳಲಿ.

ಇನ್ನು ಮೊಮ್ಮಗಳು. ‘ವಿರಹ ನೂರು ನೂರು ತರಹ’ವನ್ನು ಎಂ. ರಂಗರಾವ್ ಅವರು ಕಟ್ಟಿರುವ ಬಗೆಗೆ ನಾನು ನಿಮ್ಮಷ್ಟೇ ಮರುಳು. ಆದರೆ ಅದು 1973ರ ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದ್ದು, ಗಂಡನಿದ್ದೂ ಒಂಟಿಯಾದ ಹೆಣ್ಣೊಬ್ಬಳ ಕಥೆಯದ್ದು. ‘ವಿರಹ’ ಎಂಬ ಪದವನ್ನು ಜಾನಕಿಯಮ್ಮ ಎಳೆದು ನಿಲ್ಲಿಸುವಲ್ಲಿ ಇರುವ ಭಾರ ಸ್ವರಜ್ಞಾನದಿಂದ ಬರುವಂಥದ್ದಲ್ಲ. ಹದಿನಾಲ್ಕರ ಹುಡುಗಿಗೆ ಅದನ್ನು ಕೊಟ್ಟು, ಎದುರು ಸಾಲಿನಲ್ಲಿ ತಾತ ಕುಳಿತಿದ್ದರೆ ಅವಳು ಮಾತು ಬಿಡದೆ ಇನ್ನೇನು ಮಾಡಿಯಾಳು!

‘ಸಿಂಗಾರ ಸಿರಿಯೆ’ಯಲ್ಲೂ ತೊಡಕಿದೆ. ಅದು ಯುಗಳ ಗೀತೆ, ಒಬ್ಬಳೇ ಹಾಡಿದರೆ ಗಂಡು ಕಂಠದ ಭಾಗವನ್ನೂ ಹಾಡಬೇಕು. ಹೆಣ್ಣುಮಕ್ಕಳ ಶ್ರುತಿ ಸಾಮಾನ್ಯವಾಗಿ ಐದು, ಐದೂವರೆ ಮನೆಯ ಸುತ್ತ ಇರುತ್ತದೆ, ಗಂಡಸರದು ಒಂದು, ಎರಡು ಮನೆಯ ಸುತ್ತ. ಮೂಲ ಟ್ರ್ಯಾಕಿನಲ್ಲಿ ಹಾಡಿದರೆ ಕೆಳಗಿನ ಸಾಲುಗಳಲ್ಲಿ ದನಿ ಗಂಟಲೊಳಗೇ ಉಳಿಯುತ್ತದೆ. ಒಂದು ಸ್ಥಾಯಿ ಮೇಲೆ ಹಾಡಿದರೆ ಕಿರುಚಾಟವಾಗುತ್ತದೆ, ಬೆಳೆಯುವ ಕಂಠಕ್ಕೆ ತಿಂಗಳುಗಟ್ಟಲೆ ಆ ಅಭ್ಯಾಸ ಒಳ್ಳೆಯದಲ್ಲ. ಟ್ರ್ಯಾಕಿನ ಶ್ರುತಿಯನ್ನು ಆ್ಯಪ್‌ನಲ್ಲಿ ಎರಡು ಮೂರು ಅರ್ಧಸ್ವರದಷ್ಟು ಏರಿಸಬಹುದು, ಅದಕ್ಕೂ ಮೇಲೆ ಹೋದರೆ ವಾದ್ಯಗಳು ಆಟಿಕೆಯಂತೆ ಕೇಳುತ್ತವೆ. ನನ್ನ ಸಲಹೆ ಕೇಳಿದರೆ, ಬಡಾವಣೆಯ ಒಬ್ಬ ಹುಡುಗನನ್ನು ಜೊತೆ ಮಾಡಿ ಯುಗಳವಾಗಿಯೇ ಹಾಡಿಸಿ, ಅಥವಾ ಅವಳ ಸಂಗೀತದ ಮೇಡಂ ಹತ್ತಿರ ಅವಳ ಶ್ರುತಿಗೆ ಕೂರಿಸಿಕೊಂಡು ಹಾರ್ಮೋನಿಯಂ ಜೊತೆಗೆ ಹಾಡಲಿ. ಟ್ರ್ಯಾಕ್ ಇಲ್ಲದ ಮೊದಲ ಸುತ್ತು ಅವಳಿಗೆ ಅನುಕೂಲವೇ. ಆ ಹಾಡಿನ ಮಟ್ಟಿನಲ್ಲಿ ಜನಪದದ ಹದವಿದೆ, ಗಮಕ ಕಲಿತ ಗಂಟಲಿಗೆ ಅಲ್ಲಿ ಕೆಲಸ ಸಿಗುತ್ತದೆ. ಆದರೆ ಕರ್ನಾಟಕ ಸಂಗೀತದ ಮಕ್ಕಳು ಜನಪದದ ನೇರ ಸ್ವರಕ್ಕೂ ಅಲುಗಾಟ ಸೇರಿಸಿ ಕೆಡಿಸುವುದುಂಟು. ಅದನ್ನು ಮೇಡಂ ಗಮನಿಸಲಿ.

ಕೊನೆಯದಾಗಿ, ನಿಮ್ಮ ಅಂಕಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ನಾನು ಹೋಗಿರುವ ಹಲವು ಕಡೆ ಶ್ರುತಿ, ತಾಳ, ಭಾವ, ಉಚ್ಚಾರಣೆಗಳ ಜೊತೆಗೆ ‘ಹಾಡಿನ ಆಯ್ಕೆ’ ಎಂಬ ಕಲಂ ಇರುತ್ತದೆ. ನಿಯಮ ಸಡಿಲಿಸಿದ ಸಂಘಗಳಲ್ಲೂ ಹಿರಿಯ ತೀರ್ಪುಗಾರರು ಹುಡುಗರ ಅಂಕವನ್ನು ಸದ್ದಿಲ್ಲದೆ ಕಡಿಯುವುದು ಆ ಕಲಂನಲ್ಲೇ. ಅದನ್ನು ತೆಗೆದುಹಾಕಿ, ಆ ಹತ್ತು ಅಂಕವನ್ನು ಚರಣಕ್ಕೆ ಕೊಡಿ. ಮೂವರು ತೀರ್ಪುಗಾರರಲ್ಲಿ ಒಬ್ಬರಾದರೂ ಮೂವತ್ತರ ಒಳಗಿನವರಿರಲಿ.